ಮಾವನವರು ಕೊನೆತನಕ ಕೂತ ಸಿನಿಮಾ

ಹೇಸಿಗೆಯಾದಾಗ ನಮ್ಮ ಮಾವನವರ ಮೂಗಿನ ಎಡಗಡೆಯ ಹೊಳ್ಳೆಯೊಂದೇ ಅರಳುತ್ತಿತ್ತು. ಬಲಗಡೆಯದು ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಸುಮ್ಮನಿರುತ್ತಿತ್ತು. ಥಿಯೇಟರಿನ ಕತ್ತಲೆಯಲ್ಲಿ ಪರದೆಯ ಬೆಳಕು ಅವರ ಮುಖದ ಮೇಲೆ ಬಿದ್ದಾಗ ನಾನು ಸಿನಿಮಾ ಬಿಟ್ಟು ಆ ಹೊಳ್ಳೆಯನ್ನೇ ನೋಡುತ್ತಿದ್ದೆ. ಅದು ಅರಳಿತೆಂದರೆ ಕಳಚಿಟ್ಟ ಚಪ್ಪಲಿ ಹುಡುಕಿಕೊಳ್ಳಬೇಕು. ಮರುಗಳಿಗೆಯೇ ಅವರು ಎದ್ದು ನಿಂತು, "ಏಳವ್ವಾ, ಹೋಗೂಣು" ಎನ್ನುವುದು ಖಂಡಿತ.

ಮಾವನವರು ವಿಜಯಪುರದ ಕಡೆಯವರು. ಹರೆಯದಲ್ಲೇ ಹೈದರಾಬಾದಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು, ಅಲ್ಲಿನ ಕ್ವಾರ್ಟರ್ಸಿನಲ್ಲೇ ಸಂಸಾರ ಹೂಡಿ, ಅಲ್ಲೇ ನಿವೃತ್ತರಾಗಿ, ಹತ್ತಿರದ ಕಾಲೊನಿಯಲ್ಲಿ ಮನೆ ಮಾಡಿದವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ, ಮಾವನವರಿಗೆ ಇದ್ದ ಚಟ ಸಿನಿಮಾ ಒಂದೇ. ತೆಲುಗು, ಹಿಂದಿ, ಅಪರೂಪಕ್ಕೊಮ್ಮೆ ಕನ್ನಡ, ಬಂದದ್ದಕ್ಕೆಲ್ಲ ಹೋಗಬೇಕು. ಹೋಗಬೇಕು ಅಷ್ಟೇ, ಮುಗಿಯುವವರೆಗೆ ಕೂತದ್ದು ಬಹಳ ಕಡಿಮೆ.

ಮದುವೆಯಾದ ತಿಂಗಳೊಳಗೆ ಮೂವರೂ ಒಂದು ಸಿನಿಮಾಕ್ಕೆ ಹೋದೆವು. ಗಂಡ ಆ ಬದಿ, ಮಾವನವರು ಈ ಬದಿ, ನಡುವೆ ನಾನು. ನಾಯಕ ಕಾಲೇಜಿನ ಮೆಟ್ಟಿಲ ಮೇಲೆ ನಾಯಕಿಯ ಕೆನ್ನೆಗೆ ಬಾರಿಸಿದ. ಇಡೀ ಥಿಯೇಟರು ಸೀಟಿ ಹೊಡೆಯಿತು. ಪೆಟ್ಟು ತಿಂದವಳು ಕೆನ್ನೆ ಸವರಿಕೊಂಡು ನಾಚಿದಳು. ಮಾವನವರು ಎದ್ದರು.

"ಅಪ್ಪಾ, ಕುಂಡ್ರರಿ. ಸಿನಿಮಾ ಐತಿ ಅದು" ಎಂದರು ನಮ್ಮ ಮನೆಯವರು.

"ನೀ ನೋಡಪಾ, ನಾ ಬ್ಯಾಡನ್ನೂದಿಲ್ಲ. ಏಳವ್ವಾ, ಹೋಗೂಣು."

ಹೊಸ ಮದುಮಗಳು ಗಂಡನ ಜೊತೆ ಕೂರಬೇಕೋ, ಮಾವನ ಜೊತೆ ಏಳಬೇಕೋ? ಯಾವ ತಾಯಿಯೂ ಮಗಳಿಗೆ ಇದನ್ನು ಹೇಳಿ ಕಳಿಸಿರುವುದಿಲ್ಲ. ಹಿರಿಯರ ಮಾತೆಂದು ನಾನು ಎದ್ದೆ. ಸಾಲಿನವರ ಮೊಣಕಾಲು ದಾಟುತ್ತ, ತೆಲುಗಿನಲ್ಲಿ ಬೈಸಿಕೊಳ್ಳುತ್ತ ಹೊರಗೆ ಬಂದೆ. ಮಾವನವರು ಬಂಡಿಯವನ ಹತ್ತಿರ ಬಿಸಿ ಮಿರ್ಚಿ ಕೊಡಿಸಿ, ತಾವೂ ಒಂದು ಕಚ್ಚಿ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಸೀಟಿ ಹೊಡ್ಯಾವ್ರ ನಡುವ ಸುಮ್ಮನ ಕುಂತ್ರ ನಾವೂ ಹೊಡದಂಗವ್ವಾ. ಟಿಕೀಟ ತಗೊಂಡೇವಿ ಖರೆ. ಕುಂಡ್ರತೀವಿ ಅಂತ ಯಾರಿಗೂ ಮಾತು ಕೊಟ್ಟಿಲ್ಲಲ್ಲ."

ಆಮೇಲೆ ಇದೇ ರೂಢಿಯಾಯಿತು. ನಾನು ಜೀಡಿಮೆಟ್ಲಾದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ರಜೆಯ ದಿನ ಬಂದರೆ ಮಾವ ಸೊಸೆ ಜೋಡಿ ಸಿನಿಮಾಕ್ಕೆ ಹೊರಡುತ್ತಿತ್ತು. ನಮ್ಮ ಮನೆಯವರು ಎರಡನೇ ಸಲಕ್ಕೇ ಕೈಮುಗಿದು, ಗೆಳೆಯರ ಜೊತೆ ಬೇರೆ ಹೋಗತೊಡಗಿದರು.

ಮಾವನವರನ್ನು ಕರೆದುಕೊಂಡು ಹೋಗುವುದೆಂದರೆ ಸುಮ್ಮನೆ ಅಲ್ಲ. ಹೊಡೆತ ಬಡಿತಕ್ಕೆ ಏಳುವುದು ಸರಿ. ನಾಯಕ ಸಿಟ್ಟಿನಲ್ಲಿ ಅನ್ನದ ತಾಟು ಒಗೆದ ಎಂದು ಎದ್ದರು. ದೇವರ ಪಾತ್ರಧಾರಿ ಜಿಮ್ಮಿನ ತೋಳು ಉಬ್ಬಿಸಿ ನಿಂತ ಎಂದು ಒಂದು ಭಕ್ತಿ ಚಿತ್ರದಿಂದಲೂ ಎದ್ದು ಬಂದರು. ಆವತ್ತು ನನಗೆ ತಲೆ ಕೆಟ್ಟು ಹೋಯಿತು. ಬಸ್ ಸ್ಟಾಪಿನಲ್ಲಿ ಮುಖ ತಿರುಗಿಸಿ ನಿಂತೆ. ಎಷ್ಟೋ ಸಿನಿಮಾಗಳ ಕೊನೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲವನ್ನು ಅಡುಗೆಮನೆಯಲ್ಲಿ, ಕುಕ್ಕರ್ ಕೂಗುವಾಗ, ಮೊಬೈಲಿನಲ್ಲಿ ಕದ್ದು ನೋಡಿದ್ದೇನೆ.

"ಮಾವಾರ, ಸಿನಿಮಾಕ್ಕ ಇಷ್ಟ್ಯಾಕ ಹೇಸಿಗಿ ಮಾಡ್ಕೊಂತೀರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಹೇಸಿಗಿ ಇರಬೇಕವ್ವಾ ಮನಷ್ಯಾಗ" ಎಂದರು. "ಅದು ಹೋತಂದ್ರ, ಏನ್ ತಾಟಿಗೆ ಹಾಕಿದ್ರೂ ಉಂಡೇಳತಾನ."

ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ ಕಾಲೊನಿಯ ಕನ್ನಡದ ಮನೆಗಳವರೆಲ್ಲ ಯಾರದಾದರೂ ಮಾಳಿಗೆಯ ಮೇಲೆ ಸೇರುತ್ತಿದ್ದೆವು. ದೊಡ್ಡ ಪಾತ್ರೆಯಲ್ಲಿ ಚುರುಮುರಿ ಕಲಸಿ, ಮಿರ್ಚಿ ಕರಿದು, ಹೋದ ವರ್ಷ ಯಾರಿಗೆ ಯಾವ ಸಿನಿಮಾ ಹಿಡಿಸಿತೆಂದು ಒಬ್ಬೊಬ್ಬರಾಗಿ ಹೇಳುವ ಪದ್ಧತಿ. ಎಲ್ಲರೂ ತಮಗೆ ಹಿಡಿಸಿದ್ದು ಹೇಳಿದರೆ, ಮಾವನವರು ತಾವು ಎಲ್ಲೆಲ್ಲಿ ಎದ್ದು ಬಂದೆನೆಂದು ಹೇಳುತ್ತಿದ್ದರು. ಇಂಥದ್ದು, ಹಾಡಿಗೆ ಮೊದಲೇ. ಇಂಥದ್ದು, ಇಂಟರ್‌ವಲ್ಲಿಗೆ. ಇಂಥದ್ದು, ಹೆಸರು ತೋರಿಸುವಾಗಲೇ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಕಾ ಬರದಿದ್ದರೆ ಮಜಾ ಇಲ್ಲ ಎನ್ನುತ್ತಿದ್ದರು. ಅವರು ತಮಾಷೆ ಮಾಡುತ್ತಿಲ್ಲವೆಂದು ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ನನಗೆ ಹೊಳೆದದ್ದು ನಮ್ಮದೇ ಮನೆಯ ಊಟದ ಹೊತ್ತಿನಲ್ಲಿ. ನಮ್ಮ ಮನೆಯವರ ಗೆಳೆಯರು ಊಟಕ್ಕೆ ಬಂದಿದ್ದರು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಆಗ ಓಡುತ್ತಿದ್ದ ಸಿನಿಮಾದ ನಾಯಕನ ದನಿ ಅನುಕರಿಸಿ ನಮ್ಮ ಮನೆಯವರು, "ಇಂಥಾವ್ರಿಗೆ ಒಂದು ಬಿಗದ್ರ ಎಲ್ಲಾ ಸರಿ ಆಕ್ಕೈತಿ" ಎಂದರು. ಗೆಳೆಯರು ಗೊಳ್ಳೆಂದರು. ಸೌಟು ಹಿಡಿದು ನಿಂತಿದ್ದ ನಾನೂ ಹಲ್ಲು ಕಿರಿದೆ, ಮತ್ತೇನು ಮಾಡಲಿ. ಮಾವನವರು ಅರ್ಧ ಉಂಡ ತಾಟು ಬಿಟ್ಟು ಎದ್ದರು. ಅನ್ನದ ತಾಟು ಒಗೆದದ್ದನ್ನು ಪರದೆಯ ಮೇಲೂ ಸಹಿಸದ ಮನುಷ್ಯ. ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟವರು, ಬಂದವರೆಲ್ಲ ಹೋಗುವವರೆಗೆ ಕಾಲೊನಿಯ ರಸ್ತೆಯಲ್ಲಿ ತಿರುಗುತ್ತಿದ್ದರು. ಅದಾದ ಮೇಲೆ ನಮ್ಮ ಮನೆಯವರು ನನ್ನ ಬಗ್ಗೆ ಅಂಥ ಮಾತು ಆಡಲಿಲ್ಲ. ನಾನು ಆ ಮನೆಯಲ್ಲಿ ತಲೆ ಎತ್ತಿ ಬಾಳಿದ್ದರೆ ಅದಕ್ಕೆ ಆ ಅರ್ಧ ತಾಟು ಕಾರಣ.

ಹೋದ ವರ್ಷ ಅವರ ಕಾಲಿನ ಬಲ ಕುಂದತೊಡಗಿತು. ಆಗ ನಾವು ಕಾಲೊನಿ ಬಿಟ್ಟು ಅದೇ ಊರಿನ ಮಿಯಾಪುರದ ಅಪಾರ್ಟ್‌ಮೆಂಟಿಗೆ ಬಂದಿದ್ದೆವು. ಹಳೆಯ ಸಕ್ಕರೆ ಕಾಯಿಲೆ ನರಗಳಿಗೆ ಇಳಿದಿದೆ, ಹೃದಯವೂ ಸೋತಿದೆ, ಬಹಳ ದಿನದ ಮಾತಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಂದಾದರೂ ಒಳ್ಳೆಯ ಸಿನಿಮಾ ಅವರು ನೆಮ್ಮದಿಯಿಂದ ಕೊನೆತನಕ ಕೂತು ನೋಡಲಿ ಎಂಬ ಆಸೆ ನನಗೆ ಹತ್ತಿತು. ಆಸೆ ಸಣ್ಣದೇ. ಆದರೆ ಆ ವರ್ಷ ಬಂದ ಸಿನಿಮಾಗಳನ್ನು ನೆನೆಸಿಕೊಂಡರೆ ಈಗಲೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ. ಒಂದರಲ್ಲಿ ನಾಯಕ ಕೊಡಲಿ ಹಿಡಿದು ಮನುಷ್ಯರನ್ನು ಸೌದೆ ಸೀಳಿದಂತೆ ಸೀಳಿದ. ರಕ್ತ ಕ್ಯಾಮೆರಾಕ್ಕೇ ಸಿಡಿಯಿತು. ಇನ್ನೊಂದರಲ್ಲಿ ಅಪ್ಪನಾದವನು ಮಗನಿಗೆ ಬಂದೂಕು ಕೊಟ್ಟು ಮುತ್ತಿಟ್ಟ. ಒಂದೇ ಕಸವನ್ನು ಐದು ಭಾಷೆಯಲ್ಲಿ ಕೂಗಿಸಿ ದೇಶಕ್ಕೆಲ್ಲ ಹಂಚಿದ್ದರು; ಕನ್ನಡದ ಮಾತಿಗೂ ತುಟಿಗೂ ತಾಳಮೇಳವಿರಲಿಲ್ಲ. ಎಲ್ಲಾ ನಾಯಕರಿಗೂ ಅದೇ ಗಡ್ಡ, ಅದೇ ಬೀಡಿ, ಅದೇ ನಿಧಾನ ನಡಿಗೆ. ಬೆಳಗಿನ ಜಾವದ ಶೋಗೆ ಹೋಗಿ ಕಟೌಟಿಗೆ ಹಾಲು ಸುರಿದು ಬಂದವರು, ಅದೇ ಹಾಲಿಗಾಗಿ ಕ್ಯೂನಲ್ಲಿ ನಿಂತ ಹೆಂಗಸರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಮಾವನವರು ಕೋಲೂರಿ ಬರುತ್ತಿದ್ದರು, ಕೋಲೂರಿ ಎದ್ದು ಹೋಗುತ್ತಿದ್ದರು.

ದೀಪಾವಳಿಯಾದ ಮೇಲೆ ಒಂದು ಸಣ್ಣ ತೆಲುಗು ಸಿನಿಮಾ ಬಂತು. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಹಾ ಮಾಡುವ ಹೆಂಗಸಿನ ಕಥೆಯಂತೆ. ಲ್ಯಾಬಿನ ಗೆಳತಿ ನೋಡಿ ಬಂದು, "ಅದರಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ, ಕರೆದುಕೊಂಡು ಹೋಗು" ಎಂದಳು. ನಾನು ಅರ್ಧ ದಿನ ರಜೆ ಹಾಕಿ, ಮಾವನವರನ್ನು ಆಟೋದಲ್ಲಿ ಕೂರಿಸಿಕೊಂಡು ಮಾಲಿನ ಥಿಯೇಟರಿಗೆ ಹೋದೆ. ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ ನೋಡಿ, ಜನ ಬಂದಿಲ್ಲ, ಶೋ ಇಲ್ಲ ಎಂದಳು. ಬೇಕಾದರೆ ಪಕ್ಕದ ಪರದೆಯಲ್ಲಿ ದೊಡ್ಡ ಸಿನಿಮಾಕ್ಕೆ ಇದೇ ಟಿಕೆಟ್ಟಿನಲ್ಲಿ ಕೂರಬಹುದಂತೆ. ನನಗೆ ಅಳು ಬಂತು. ವಾಪಸು ಹೋಗೋಣವೆಂದೆ.

"ಇಷ್ಟ ದೂರ ಬಂದೇವಿ. ಕುಂಡ್ರೂಣು ನಡಿ. ಹಿಡಿಸಲಿಲ್ಲಂದ್ರ ಏಳಾಕ ಬರತೈತಲ್ಲ" ಎಂದರು.

ಅಲ್ಲಿನ ಕುರ್ಚಿ ಹತ್ತಿಯ ಮೂಟೆಯ ಹಾಗೆ. ಮಾವನವರು ಕೂತವರು ಒಳಗೆ ಹೂತುಹೋದರು. ಸಿನಿಮಾ ಶುರುವಾಯಿತು. ಸ್ವಲ್ಪ ಹೊತ್ತಿಗೇ ನಾಯಕ ಒಬ್ಬ ಹೆಂಗಸನ್ನು ಕೂದಲು ಹಿಡಿದು ಅಂಗಳದ ತುಂಬ ಎಳೆದಾಡಿದ, ಅವಳ ಮಗು ನೋಡುತ್ತಿರುವಾಗ. ಸಂಗೀತ ಗುಡುಗಿತು. ಸುತ್ತಲಿದ್ದವರು ಮೊಬೈಲು ಎತ್ತಿ ಹಿಡಿದು ಅದನ್ನು ವಿಡಿಯೋ ಮಾಡಿಕೊಂಡರು. ನಾನು ಚಪ್ಪಲಿಗೆ ಕಾಲು ತೂರಿಸಿ ಮಾವನವರ ಕಡೆ ನೋಡಿದೆ. ಹೊಳ್ಳೆ ಅರಳಿತ್ತು. ಅವರು ಏಳಲಿಲ್ಲ.

ಇಂಟರ್‌ವಲ್ ಆಯಿತು, ಏಳಲಿಲ್ಲ. ಅದಾದ ಮೇಲೆ ಇನ್ನೂ ಅಸಹ್ಯ ನಡೆಯಿತು, ಆಗಲೂ ಏಳಲಿಲ್ಲ. ನನಗೆ ಪರದೆಗಿಂತ ಪಕ್ಕದಲ್ಲಿ ಕೂತವರ ಮೇಲೇ ಹೇಸಿಗೆ ಹುಟ್ಟಿತು, ಅದನ್ನು ಮುಚ್ಚಿಡಲಾರೆ. ಕಡೆಗೆ ಈ ಮನುಷ್ಯನಿಗೂ ರೂಢಿಯಾಗಿ ಹೋಯಿತೇ? ಇಷ್ಟು ವರ್ಷ ನನ್ನನ್ನು ಓಡಾಡಿಸಿದ್ದು ಇದಕ್ಕೇನಾ? ಹಲ್ಲು ಕಚ್ಚಿಕೊಂಡು ಕೊನೆಯವರೆಗೆ ಕೂತೆ.

ದೀಪ ಹತ್ತಿದವು. ಮಂದಿ ಹೋದರು. ಪೊರಕೆಯವರು ಬಂದು ಕೆಳಗೆ ಬಿದ್ದ ಪಾಪ್‌ಕಾರ್ನ್ ಗುಡಿಸತೊಡಗಿದರು. ಮಾವನವರು ಇನ್ನೂ ಕೂತೇ ಇದ್ದರು.

"ಕಾಲು ಏಳವಲ್ಲವು" ಎಂದರು ಮೆಲ್ಲಗೆ. "ಆ ಹೆಣಮಗಳ ಕೂದಲಾ ಹಿಡದಾಗ ಏಳಾಕ ಹೋದೆ. ಆಗಲಿಲ್ಲ. ಮುಂದನೂ ಭಾಳ ಸಲ ಏಳಾಕ ನೋಡಿದೆ."

"ಹೇಳಬಾರದಿತ್ತೇನ್ರಿ ಮಾವಾರ, ನಾ ಕೈ ಹಿಡಿತಿದ್ನಿ."

"ನೀ ಎದ್ರ ನಿನ್ನ ಕೈ ಹಿಡಕೊಂಡು ಏಳೂಣಂತ ಕುಂತಿದ್ದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನೀ ಯಾಕ ಏಳಲಿಲ್ಲವ್ವಾ?"

"ನೀವು ಏಳತೀರಿ ಅಂತ ಕಾಯಾಕತ್ತಿದ್ನಿರಿ."

ಅವರು ನನ್ನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದರು. "ಇಷ್ಟ ವರ್ಷ ನಾ ಎಬ್ಬಿಸಿದೆ ಅಂತ ಎದ್ದಿ ಏನು?"

ಪೊರಕೆ ಬದಿಗಿಟ್ಟು ಬಂದವನೊಬ್ಬ ಅವರ ಒಂದು ರಟ್ಟೆ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಆಟೋದಲ್ಲಿ ಮಾವನವರು ರಸ್ತೆ ನೋಡುತ್ತ ಕೂತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಚಹಾದ ಹೆಂಗಸಿನ ಸಿನಿಮಾ ಮಾರನೆಯ ದಿನವೇ ಊರಿನ ಎಲ್ಲ ಥಿಯೇಟರಿನಿಂದಲೂ ಎತ್ತಂಗಡಿಯಾಯಿತು. ಮಾವನವರು ಮತ್ತೆ ಸಿನಿಮಾಕ್ಕೆ ಹೋಗಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ, ಚಹಾ ತರುತ್ತೇನೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಜನವರಿಯ ಕೂಟ ಬಿಡುವುದು ಬೇಡ, ಕಾಕಾನ ನೆನಪಿಗೇ ಸೇರೋಣ ಎಂದರು ಹಳೆಯ ಕಾಲೊನಿಯವರು. ನಮ್ಮ ಅಪಾರ್ಟ್‌ಮೆಂಟಿನ ಹತ್ತಿರವೇ ಒಬ್ಬರ ಮನೆಯ ಮಾಳಿಗೆ. ಚುರುಮುರಿ, ಮಿರ್ಚಿ, ಗೋಡೆಗೆ ಆನಿಸಿಟ್ಟ ಮಾವನವರ ಫೋಟೋ, ಅದಕ್ಕೊಂದು ಹಾರ. ವರ್ಷದ ಒಳ್ಳೆಯ ಸಿನಿಮಾ ಯಾವುದೆಂಬ ಮಾತು ಬಂದಾಗ ಹೆಚ್ಚಿನವರ ಬಾಯಲ್ಲಿ ಬಂದದ್ದು ನಾವು ಮಾಲಿನಲ್ಲಿ ನೋಡಿದ ಅದೇ ದೊಡ್ಡ ಸಿನಿಮಾದ ಹೆಸರು. ನಮ್ಮ ಮನೆಯವರು ಕಣ್ಣೊರೆಸಿಕೊಂಡು, "ನಮ್ಮಪ್ಪ ನೋಡಿದ ಕಡೀ ಸಿನಿಮಾರಿ ಅದು. ಜೀವನದಾಗ ಎಲ್ಲಾದಕ್ಕೂ ಎದ್ದು ಬಂದಾವ್ರು, ಅದನ್ನ ಪೂರಾ ಕುಂತು ನೋಡಿದ್ರು" ಎಂದರು. ಅವರ ಅಳು ನಿಜದ್ದೇ. ಎಲ್ಲರೂ ತಲೆದೂಗಿದರು. ಕಾಕಾಗೇ ಹಿಡಿಸಿದೆ ಎಂದ ಮೇಲೆ ಮಾತೇ ಇಲ್ಲ ಎಂದರು ಒಬ್ಬರು. ಇನ್ನೊಬ್ಬರು ಆ ಕೂದಲೆಳೆಯುವ ದೃಶ್ಯದ ಮಾತನ್ನು ನಾಯಕನ ದನಿಯಲ್ಲೇ ಹೇಳಿ, ಪಕ್ಕದಲ್ಲಿದ್ದ ಹೆಂಡತಿಯ ಜಡೆ ಹಿಡಿದು ಎಳೆದಂತೆ ಮಾಡಿದರು. ನಗು ಎದ್ದಿತು. ಆಕೆಯೂ ನಕ್ಕಳು.

"ಮಾವಾರಿಗೆ ಅದು ಹಿಡಿಸಲಿಲ್ರಿ" ಎಂದೆ. "ಅವರಿಗೆ ಏಳಾಕ ಆಗಲಿಲ್ಲ. ಆ ಸೀನಿಗೇ ಏಳಾಕ ಹೋಗಿದ್ರು, ಕಾಲು ಏಳಲಿಲ್ಲ, ಅಷ್ಟ."

"ಕುಂಡ್ರು, ಈಗ ಅದ್ಯಾಕ" ಎಂದರು ನಮ್ಮ ಮನೆಯವರು, ಮೆತ್ತಗೆ. ನಾನು ಆಗಲೇ ನಿಂತಿದ್ದೆ. ತಟ್ಟೆಯನ್ನು ಗೋಡೆಯ ಬದಿಗಿಟ್ಟು, ಜಮಖಾನೆಯ ಮೇಲೆ ಕೂತವರ ಕಾಲು ದಾಟಿಕೊಂಡು ಮೆಟ್ಟಿಲಿಳಿದೆ.

ಕೆಳಗೆ ಗೇಟಿನ ವಾಚ್‌ಮನ್ ನನ್ನನ್ನು ನೋಡಿ, "ಅಪ್ಪುಡೇ ಅಯಿಪೋಯಿಂದಾ ಅಮ್ಮಾ?" ಎಂದ, ಇಷ್ಟು ಬೇಗ ಮುಗಿಯಿತೇ ಎಂದು.

ಇಲ್ಲ, ಇನ್ನೂ ನಡೆದಿದೆ, ನಾನೇ ಎದ್ದು ಬಂದೆ ಎಂದು ಅವನಿಗೆ ತೆಲುಗಿನಲ್ಲಿ ಹೇಳಿದೆ.