ಬೆಕ್ಕಿನಷ್ಟು ಚಿರತೆ

ಗಡಿಯಿಂದ ಕೇರಳದ ಬದಿಗಿರುವ ವರ್ಕಾಡಿಯ ನಮ್ಮ ಮನೆಯಲ್ಲಿ ಒಂದು ಮುಸ್ಸಂಜೆ ಕೋಳಿಗೂಡು ಮುಚ್ಚಲು ಹೋದ ಅಮ್ಮ ಚಿರತೆ ನೋಡಿದಳು. ಅಷ್ಟೇ ಹೇಳಿದ್ದರೆ ಊರಿಗೆ ಊರೇ ಟಾರ್ಚು, ದೊಣ್ಣೆ ಹಿಡಿದು ಬರುತ್ತಿತ್ತು. ಎಷ್ಟು ದೊಡ್ಡದಿತ್ತು ಎಂದು ಅಣ್ಣ ಕೇಳಿದ್ದೇ ತಪ್ಪಾಯಿತು.

"ಬೆಕ್ಕಿನಷ್ಟು," ಅಂದಳು ಅಮ್ಮ.

"ಮರಿಯಾ?"

"ಮರಿ ಅಲ್ಲ ಮಾರಾಯ, ದೊಡ್ಡದೇ. ಆದ್ರೆ ಬೆಕ್ಕಿನಷ್ಟೇ ಉಂಟು."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನು ಇಲಿಯಷ್ಟು ಆನೆ ಕಂಡ್ರೂ ಹೇಳಮ್ಮ," ಅಂದ. ಮರುದಿನ ಅಮ್ಮ ಕಟ್ಟಿದ ಬೀಡಿ ಕೊಡಲು ಬೀಡಿ ಡಿಪೋಗೆ ಹೋಗುವಷ್ಟರಲ್ಲಿ ಈ ಮಾತು ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಚಿರತೆಗೆ ಹಾಲು ಹಾಕಿದೆಯಾ ಎಂದು ಕೇಳಿದರಂತೆ.

ಆಗ ನಾನು ಉಪ್ಪಳದಲ್ಲಿ, ಗಂಡನ ಮನೆಯಲ್ಲಿ. ಅಣ್ಣ ಫೋನಿನಲ್ಲಿ ನಗುತ್ತಲೇ ಇದನ್ನು ಹೇಳಿದ. ನನಗೆ ನಗು ಬರಲಿಲ್ಲ, ಅವನ ಮೇಲೆ ಕೋಪ ಬಂತು. ಆ ವರ್ಷ ಅಮ್ಮ ಒಲೆಯ ಮೇಲೆ ಚಹಾ ಇಟ್ಟು ಮರೆಯಲು ಶುರು ಮಾಡಿದ್ದಳು. ಒಮ್ಮೆ ನನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆದಿದ್ದಳು. ಅಜ್ಜಿಗೆ ಶುರುವಾದದ್ದೂ ಹೀಗೆಯೇ. ಕೊನೆಗಾಲದಲ್ಲಿ ಅಜ್ಜಿ ಖಾಲಿ ಅಂಗಳ ನೋಡಿ, "ಅವರಿಗೆ ಕೂರಲು ಚಾಪೆ ಹಾಕು," ಎನ್ನುತ್ತಿದ್ದಳು. ಅಮ್ಮ ಮಾತಿಲ್ಲದೆ ಚಾಪೆ ಹಾಕುತ್ತಿದ್ದಳು. ಅಮ್ಮನಿಗೂ ಅದೇ ಬಂತೋ ಎಂಬುದು ನನ್ನ ಹೆದರಿಕೆ.

ಮಂಗಳೂರಿನ ನರರೋಗದ ಡಾಕ್ಟರರಲ್ಲಿ ಟೋಕನ್ ತೆಗೆದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ವರ್ಕಾಡಿಗೆ ಹೋಗಿ ಅಮ್ಮನಿಗೆ ಡಾಕ್ಟರು, ತಲೆ, ಮರೆವು ಎಂದು ನೇರವಾಗಿಯೇ ಹೇಳಿದೆ. ಅಮ್ಮ ಬೀಡಿ ಎಲೆ ಕತ್ತರಿಸುತ್ತಾ ಕೇಳಿಸಿಕೊಂಡಳು.

"ಬರ್ತೇನೆ. ಆದ್ರೆ ಮೊದಲು ನನಗೆ ಚಿರತೆ ತೋರಿಸು. ಮತ್ತೆ ನನ್ನನ್ನು ಡಾಕ್ಟ್ರಿಗೆ ತೋರಿಸು."

ಹಾಗೆ ನಾವಿಬ್ಬರೂ ಬೆಳಿಗ್ಗೆಯೇ ಬಸ್ಸು ಹಿಡಿದು, ಮಂಗಳೂರು ಪೇಟೆ ಮುಗಿಯುವಲ್ಲಿ ಕಾಡುಪ್ರಾಣಿಗಳನ್ನು ಸಾಕಿರುವ ಗುಡ್ಡಕ್ಕೆ ಹೋದೆವು. ಚಿರತೆಗಳಿಗೆ ಅಲ್ಲಿ ಮರಗಿಡಗಳಿದ್ದ ದೊಡ್ಡ ಜಾಗ, ಸುತ್ತ ಆಳವಾದ ಕಂದಕ. ಬಂಡೆಯ ಮೇಲೆ ಒಂದು ಮಲಗಿತ್ತು. ಅಮ್ಮ ಕಂಬಿ ಹಿಡಿದು ತುಂಬಾ ಹೊತ್ತು ನೋಡಿದಳು.

"ಇದಲ್ಲ," ಅಂದಳು.

ಇದೇ ಎಂದಿದ್ದರೆ, ಮಬ್ಬುಗತ್ತಲಲ್ಲಿ ಅಂದಾಜು ತಪ್ಪಿತು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಸರಿ ನೋಡಮ್ಮ," ಎಂದು ರೇಗಿದೆ.

"ನೋಡಿದೆ. ಚುಕ್ಕೆ ಇದೇ ನಮೂನೆ. ಆದ್ರೆ ಇದು ಕರುವಿನಷ್ಟು ಉಂಟಲ್ಲ!"

ಹೊತ್ತಾಯಿತು, ಡಾಕ್ಟರು ಕಾಯುವುದಿಲ್ಲ ಎಂದು ಗೊಣಗುತ್ತಾ ಗೇಟಿನ ಕಡೆ ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿದರೆ ಅಮ್ಮ ಬೆನ್ನ ಹಿಂದೆ ಇಲ್ಲ. ಯಾರೂ ನಿಲ್ಲದ ಒಂದು ಸಣ್ಣ ಗೂಡಿನ ಬಲೆಗೆ ಮುಖ ಒತ್ತಿ ನಿಂತಿದ್ದಳು. ಹತ್ತಿರ ಹೋದೆ. ಒಳಗೆ ಕೊಂಬೆಯ ಮೇಲೆ, ನಮ್ಮ ಮನೆಯ ಬೆಕ್ಕಿಗಿಂತ ಒಂದಿಷ್ಟೂ ದೊಡ್ಡದಲ್ಲದ ಪ್ರಾಣಿ. ಮೈತುಂಬ ಚಿರತೆಯ ಚುಕ್ಕೆ. ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು.

"ಇದೇ," ಅಂದಳು ಅಮ್ಮ.

ಬೋರ್ಡು ಓದಿದೆ. ಚಿರತೆ ಬೆಕ್ಕು. ಬೆಳೆದರೂ ಮನೆಯ ಬೆಕ್ಕಿನಷ್ಟೇ ಗಾತ್ರ, ಕತ್ತಲಾಗುವಾಗ ಹೊರಗೆ ಬರುತ್ತದೆ, ಕೋಳಿ ಹಿಡಿಯುವುದೂ ಉಂಟು ಎಂದೆಲ್ಲ ಬರೆದಿತ್ತು. ಜೋರಾಗಿ ಮತ್ತೊಮ್ಮೆ ಓದಿದೆ.

ಈಗ ನನಗೂ ಅಣ್ಣನಿಗೂ ಸೇರಿಸಿ ಸಮಾ ಬೈಗುಳ ಬೀಳುತ್ತದೆ ಎಂದುಕೊಂಡೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನೀವೆಲ್ಲ ನಗಾಡುವಾಗ ನನಗೇ ಸಂಶಯ ಬಂದಿತ್ತು ಮಗಾ. ನಾನೂ ನನ್ನ ಅಮ್ಮನ ಹಾಗೆ ಆಗ್ತಾ ಇದ್ದೇನಾ ಅಂತ."

ಅವಳ ಭುಜ ಹಿಡಿದುಕೊಂಡು ಅಲ್ಲೇ ನಿಂತೆ. ಗೇಟಿನ ಹತ್ತಿರ ಅಮ್ಮ ಐಸ್‌ಕ್ಯಾಂಡಿ ಬೇಕೆಂದಳು. ಇಬ್ಬರೂ ಚೀಪುತ್ತಾ ಬಸ್ಸಿಗೆ ಕಾದೆವು.

ಡಾಕ್ಟರಲ್ಲಿಗೆ ಹೋಗುವುದೇ ಬೇಡ ಎಂದರೂ ಅಮ್ಮ ಕೇಳಲಿಲ್ಲ, ಟೋಕನ್ ತೆಗೆದಾಗಿದೆಯಲ್ಲ ಎಂದಳು. ಡಾಕ್ಟರು ಯಾವ ತಿಂಗಳು, ಯಾವ ವಾರ ಎಂದು ಕೇಳಿದರು. ಸರಿಯಾಗಿ ಹೇಳಿದಳು. ಮುಖ್ಯಮಂತ್ರಿ ಯಾರು ಎಂದಾಗ, "ನಮ್ಮದಾ ನಿಮ್ಮದಾ?" ಎಂದು ಅವರನ್ನೇ ಕೇಳಿ, ಕೇರಳದ್ದು, ಕರ್ನಾಟಕದ್ದು ಎರಡೂ ಹೇಳಿದಳು.

"ಬೇರೆಯವರಿಗೆ ಕಾಣದ್ದು ನಿಮಗೆ ಕಾಣುವುದು ಉಂಟಾ?"

"ಉಂಟು ಡಾಕ್ಟ್ರೇ," ಅಂದಳು ಅಮ್ಮ. "ಅವರೆಲ್ಲ ಸಂಜೆ ಒಳಗೆ ಟೀವಿ ನೋಡ್ತಾ ಕೂತಿರ್ತಾರೆ. ನಾನು ಹೊರಗೆ ಇರ್ತೇನಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ರಕ್ತ ಪರೀಕ್ಷೆ ಒಂದು ಮಾಡಿಸಿ, ಚಹಾ ಮರೆಯುವುದು, ಹೆಸರು ತಪ್ಪುವುದು ಈ ಪ್ರಾಯಕ್ಕೆ ಇದ್ದದ್ದೇ, ಹೆದರುವಂಥದ್ದು ಎಂತದೂ ಇಲ್ಲ ಎಂದರು. ಅಮ್ಮ ನನ್ನ ಕಡೆ ತಿರುಗಿ ಕೇಳಿಸಿತಾ ಎಂಬಂತೆ ನೋಡಿದಳು. ಆಗ ನನಗೆ ಅಳು ಬಂತು.