ನನ್ನ ಟಾರ್ಗೆಟ್ಟಿನ ಏಳು ತೂತು

ಹಂಪಿಯಲ್ಲಿ ಬಂದೋಬಸ್ತಿಗೆ ನಿಂತ ದಿನಗಳಲ್ಲಿ ನನ್ನ ಹೆಗಲ ಮೇಲಿನ ಎಸ್‌ಎಲ್‌ಆರ್ ಬಂದೂಕಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಬರುತ್ತಿದ್ದರು. “ಆಟೋಮ್ಯಾಟಿಕ್ ಏನ್ರಿ ಇದು?” ಎಂದು ಕೇಳುತ್ತಿದ್ದರು. ಹೌದ್ರಿ ಎನ್ನುತ್ತಿದ್ದೆ. ಒಂದು ಗುಂಡು ಹಾರಿದ ಮೇಲೆ ಇನ್ನೊಂದನ್ನು ತಾನೇ ತುಂಬಿಕೊಳ್ಳುತ್ತದೆ, ಅಷ್ಟೇ ಅದರ ಆಟೋಮ್ಯಾಟಿಕ್ಕು. ಹೊರುವುದು ನಮ್ಮ ಪಾಲಿಗೇ. ನಾನು ಹುಟ್ಟುವ ಮೊದಲಿನಿಂದ ಸೈನ್ಯದವರು ಹೊತ್ತು, ಸವೆಸಿ, ಸಾಕಾಗಿ ನಮ್ಮಂಥ ಪೊಲೀಸರಿಗೆ ದಾಟಿಸಿದ ಬಂದೂಕು ಅದು. ಮ್ಯಾಗಜಿನ್ ಸೇರಿ ಐದು ಕಿಲೋ. ನಾಲ್ಕು ತಾಸು ಹೊತ್ತರೆ ಒಂದು ಹೆಗಲು ಇನ್ನೊಂದಕ್ಕಿಂತ ಒಂದು ಬೆರಳು ಕೆಳಗಿಳಿಯುತ್ತದೆ. ಇಂಥದರ ಪಕ್ಕ ನಿಂತು ಹೊಟ್ಟೆ ಒಳಗೆಳೆದು ಎದೆ ಉಬ್ಬಿಸುವ ಗಂಡಸರನ್ನು ಕಂಡು ನಾನು ಒಳಗೊಳಗೇ ನಗುತ್ತಿದ್ದೆ. ನಗುವ ಯೋಗ್ಯತೆ ನನಗಿರಲಿಲ್ಲ.

ಕಂಪ್ಲಿಯಿಂದ ನಾನೂ ನನ್ನ ತಮ್ಮನೂ ಒಂದೇ ಸಲ ಭರ್ತಿಯಾದೆವು. ಎಸ್ಸೆಸ್ಸೆಲ್ಸಿಯನ್ನು ನಾನು ಮೂರನೇ ಸಲಕ್ಕೆ ದಾಟಿದವನು, ಅವನು ಒಂದೇ ಸಲಕ್ಕೆ. ತರಬೇತಿಯಲ್ಲೂ ಹಾಗೆಯೇ. ಅವನು ಬಂದೂಕು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೂತಿರುತ್ತಿದ್ದ. ನಾನು ಎಣ್ಣೆಯ ಚಿಂದಿ ಎಲ್ಲಿಟ್ಟೆನೆಂದು ಹುಡುಕುತ್ತಿರುತ್ತಿದ್ದೆ.

ಮೊದಲ ಗುಂಡು ಹಾರಿಸಿದಾಗ ಅದು ಎತ್ತು ಹಾಯ್ದಂತೆ ಭುಜಕ್ಕೆ ಗುದ್ದಿತು. ಮರುದಿನ ಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಬೆರಳು ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಳ್ಳತೊಡಗಿದವು. ಅಂಗಿಯೊಳಗೆ ಟವೆಲ್ ಮಡಚಿಟ್ಟುಕೊಂಡರೂ ಪ್ರಯೋಜನವಾಗಲಿಲ್ಲ. ಇದನ್ನು ತಮ್ಮನಿಗೆ ಮಾತ್ರ ಹೇಳಿದ್ದೆ.

“ಅದು ಒದಿತೈತಿ ಅಂತ ಗೊತ್ತೈತಲ್ಲಣ್ಣ, ಅಂಜಿ ಸಡ್ಲ ಹಿಡದ್ರ ಇನ್ನೂ ಜೋರು ಒದಿತೈತಿ,” ಎಂದಿದ್ದ.

ಕೊನೆಯ ಫೈರಿಂಗ್ ಪರೀಕ್ಷೆ ಸಂಡೂರಿನ ಒಂದು ಗುಡ್ಡದ ಬುಡದಲ್ಲಿ ನಡೆಯಿತು. ಹತ್ತು ಗುಂಡಿನಲ್ಲಿ ಆರು ತಾಗಿದರೆ ಪಾಸು. ನಪಾಸಾದವರಿಗೆ ಅದೇ ದಿನ ಇನ್ನೊಂದು ಅವಕಾಶ. ನನ್ನದು ನಾಲ್ಕನೇ ಟಾರ್ಗೆಟ್, ತಮ್ಮನದು ಪಕ್ಕದ ಐದನೆಯದು.

ಹತ್ತು ಸಲ ಕಣ್ಣು ಮುಚ್ಚಿ ಹತ್ತು ಗುಂಡನ್ನೂ ಮುಗಿಸಿದೆ. ಕಣ್ಣು ಬಿಟ್ಟರೆ, ನನ್ನ ಬಂದೂಕು ಸುಮ್ಮನಿದ್ದರೂ ನನ್ನ ಟಾರ್ಗೆಟ್ಟಿನ ಹಿಂದಿನ ಕೆಂಪು ಮಣ್ಣು ಇನ್ನೂ ಸಿಡಿಯುತ್ತಿತ್ತು. ಪಕ್ಕಕ್ಕೆ ನೋಡಿದೆ. ತಮ್ಮನ ಬಂದೂಕಿನ ಮೂತಿ ಒಂದಿಷ್ಟು ನನ್ನ ಕಡೆಗೆ ತಿರುಗಿತ್ತು.

“ನಾಲ್ಕು ನಂಬರ್, ಏಳು. ಐದು ನಂಬರ್, ಮೂರು,” ಎಂದು ತೂತು ಎಣಿಸಿದವರು ಕೂಗಿದರು. ನಮಗೆ ಕಲಿಸುತ್ತಿದ್ದ ಉಸ್ತಾದರು ತಮ್ಮನ ಹತ್ತಿರ ಬಂದರು. “ಏನ್ಲೇ, ಅಣ್ಣ ಹುಲಿ, ತಮ್ಮ ಇಲಿ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ನಪಾಸಾದವರಿಗೆ ಎರಡನೇ ಅವಕಾಶಕ್ಕೆ ಮೊದಲು ಶಿಕ್ಷೆ ಇತ್ತು, ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತುವುದು. ಎರಡನೇ ಅವಕಾಶದಲ್ಲಿ ಪಾಸಾದರಾಯಿತು ಎಂದುಕೊಂಡಿದ್ದ ತಮ್ಮನ ಲೆಕ್ಕದಲ್ಲಿ ಅದು ಇರಲಿಲ್ಲ ಎಂದು ಕಾಣುತ್ತದೆ. ಪಾಸಾದವರಿಗೆ ಜಾಲಿ ಮರದ ಕೆಳಗೆ ಚಹಾ ಕೊಟ್ಟರು. ನಾನು ಎದ್ದು, “ಉಸ್ತಾದ್, ಆ ಏಳೂ ಅವನವು,” ಎಂದಿದ್ದರೆ ಸಾಕಿತ್ತು. ಹೇಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆಗ ಅಷ್ಟೆಲ್ಲ ಯೋಚಿಸಿರಲಿಲ್ಲ. ಚಹಾ ಬಿಸಿ ಇತ್ತು, ಊದಿ ಊದಿ ಕುಡಿಯುತ್ತ ಅವನು ಓಡುವುದನ್ನು ನೋಡುತ್ತಿದ್ದೆ.

ಸುತ್ತು ಮುಗಿಸಿ ಬಂದು ಮತ್ತೆ ಗುಂಡು ಹಾರಿಸಲು ಮಲಗಿದಾಗ ಅವನ ಎರಡೂ ತೋಳು ನಡುಗುತ್ತಿದ್ದವು. ಹತ್ತರಲ್ಲಿ ನಾಲ್ಕೇ ತಾಗಿದವು. ಮುಂದಿನ ತಂಡದ ಜೊತೆ ಮೊದಲಿನಿಂದ ಕಲಿ ಎಂದರು. ಅವನು ಟ್ರಂಕ್ ಎತ್ತಿಕೊಂಡು ಊರಿಗೆ ಹೋದ. ಈಗ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಪಾಳಿಯ ಪ್ರಕಾರ.

ನಾನು ಕಂಪ್ಲಿಗೆ ಹೋದಾಗಲೆಲ್ಲ ಮೀಸೆ ತಿರುವುತ್ತಿದ್ದೆ. ವರ್ಷದ ಫೈರಿಂಗಿನಲ್ಲಿ ಹೇಗೋ ಅಂಚಿಗೆ ತಾಗಿಸಿ ದಾಟುತ್ತಿದ್ದವನು ಊರವರಿಗೆ ಗುರಿಗಾರನಾಗಿದ್ದೆ. ಒಂದು ಮದುವೆಯ ಊಟದಲ್ಲಿ, “ನಮ್ಮ ತಮ್ಮಗ ಟಾರ್ಗೆಟ್ ಯಾವುದು ಅಂತನಾ ಕಾಣ್ಲಿಲ್ಲ,” ಎಂದು ಪಂಕ್ತಿಯಲ್ಲಿ ಕೂತವರನ್ನೆಲ್ಲ ನಗಿಸಿದೆ. ಅವನು ಎದುರು ಸಾಲಿನಲ್ಲೇ ಕೂತಿದ್ದ. ತಲೆ ಎತ್ತಲಿಲ್ಲ, ಅನ್ನ ಕಲಸುತ್ತಿದ್ದ.

ಹೋದ ತಿಂಗಳು ಅವನ ಮಗಳು ಪೊಲೀಸ್ ಕೆಲಸಕ್ಕೆ ಆಯ್ಕೆಯಾದಳು. ಅಪ್ಪನನ್ನು ಕರೆದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದಳು.

“ದೊಡ್ಡಪ್ಪ, ಫೈರಿಂಗ್ ಹೆಂಗ್ ಮಾಡೋದು ಅಂತ ನೀವಾ ಹೇಳಿಕೊಡ್ರಿ. ಅಪ್ಪಗ ಬರಂಗಿಲ್ಲ.”

ನನ್ನ ತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದ. ಅವತ್ತು ನಾನು ಹೇಳಿದೆ. ಟವೆಲ್ಲಿನಿಂದ ಹಿಡಿದು ಮದುವೆಯ ಊಟದವರೆಗೆ ಎಲ್ಲ.

“ನಿಮ್ಮದು ಒಂದೂ ತಾಗ್ಲಿಲ್ಲೇನ್ರಿ?” ಎಂದಳು.

“ಒಂದೂ ಇಲ್ಲವ್ವಾ.”

ತಮ್ಮನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವನ ಮುಖ ಕೆಂಪಾಯಿತು. “ಇಷ್ಟ್ ವರ್ಷ ಸುಮ್ನಿದ್ದಿ, ಇನ್ನೂ ಸುಮ್ನಿರಾಕ ಏನಾಗಿತ್ತು? ನಿನಗ ಹಗುರಾತು. ನಾ ಮಾಡಿದ್ದು ಪರೀಕ್ಷೆದಾಗ ಮೋಸ. ನಾಳೆ ಪರೀಕ್ಷೆಗೆ ಹೋಗಾಕಿ ಮುಂದ ಅದನ್ನ ಹೇಳ್ತಿಯಲ್ಲ.”

“ಬಿಡಪ್ಪ, ನಾ ಯಾರ ಟಾರ್ಗೆಟ್ಟಿಗೂ ಹೊಡಿಯಂಗಿಲ್ಲ,” ಎಂದಳು ಮಗಳು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದಳು, “ನೀ ಹೆಂಗ್ ಹೊಡಿತಿದ್ದಿ?”

ಅವನು ಎದ್ದ. ಮೂಲೆಯಲ್ಲಿದ್ದ ಜೇಡರಬಲೆ ತೆಗೆಯುವ ಕೋಲನ್ನು ತಂದು ಅವಳ ಕೈಗೆ ಕೊಟ್ಟ. ನೆಲದ ಮೇಲೆ ಬೋರಲು ಮಲಗಿಸಿದ, ಮೊಣಕೈ ಎಲ್ಲಿ ಊರಬೇಕೆಂದು ಬೆರಳಿಂದ ತಟ್ಟಿ ತೋರಿಸಿದ. “ಉಸ್ರು ಅರ್ಧ ಬಿಡು. ಉಳಿದಿದ್ದು ಹಿಡಿ. ಈಗ ಬೆರಳು ಮೆತ್ತಗ ಎಳಿ.”

ನಾನು ಬಗ್ಗಿ ನೋಡಿದೆ.

“ಸರಿಯಣ್ಣ ಅತ್ಲಾಗ,” ಎಂದ ತಲೆ ಎತ್ತದೆ. “ಬೆಳಕಿಗೆ ಅಡ್ಡ ನಿಂತಿ.”

ಸರಿದು ನಿಂತೆ.