ಮಾಲೆ ಹಾಕಿಸಿಕೊಂಡ ಕಾವಲುಗಾರರು

ನಮ್ಮ ಭಾಗದ ರೈತರ ಸೊಸೈಟಿಯೊಂದಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಕಚೇರಿಗಳಿವೆ. ಅವುಗಳ ಕಂಪ್ಯೂಟರುಗಳಿಗೆ ಕಾವಲು ಕೂಡಿಸಿಕೊಟ್ಟವನು ನಾನು. ಊರಿಗೊಂದು ಯಂತ್ರ. ಆ ಕಚೇರಿಯ ಇಂಟರ್‌ನೆಟ್ಟಿನಲ್ಲಿ ಏನು ಬಂತು, ಏನು ಹೋಯಿತು ಎಂದು ಅದು ನೋಡುತ್ತಿರಬೇಕು. ಕಳ್ಳ ನುಗ್ಗಿದರೆ ಸಿಂಧನೂರಿನ ಯಂತ್ರಕ್ಕೆ ತಿಳಿಸಬೇಕು. ಮೂರೂ ಸೇರಿ ಒಂದು ಕ್ಲಸ್ಟರ್, ಅಂದರೆ ಒಂದೇ ಕಾವಲು ಪಡೆ. ಇದನ್ನೆಲ್ಲ ಅಧ್ಯಕ್ಷರಿಗೆ ಬಿಡಿಸಿ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ ಎಂದರೂ ಸರಿಯೇ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಸೊಸೈಟಿಯ ಜೀಪು, ತಕ್ಕಡಿ ಎಲ್ಲ ಸಿಂಧನೂರಿಗೆ ಬಂದು ಪೂಜೆ ಮಾಡಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಅಧ್ಯಕ್ಷರು ಉಳಿದೆರಡು ಊರಿನ ಯಂತ್ರಗಳ ವೈರು ಕೀಳಿಸಿ ಜೀಪಿನಲ್ಲಿ ತರಿಸಿದರು. ಮೂರಕ್ಕೂ ವಿಭೂತಿ, ಚೆಂಡುಹೂವಿನ ಮಾಲೆ. ಫೋಟೊ ಚೆನ್ನಾಗಿ ಬಂತೆಂದು ಅಲ್ಲೇ ಗಾಜಿನ ಕಪಾಟಿನಲ್ಲಿಟ್ಟು ಪ್ಲಗ್ ಹಾಕಿಬಿಟ್ಟರು.

ಅವನ್ನು ಆಯಾ ಊರಿಗೆ ವಾಪಸು ಕಳಿಸಿ ಎಂದು ನಾನು ಫೋನಿನಲ್ಲಿ ಬಾಯಿ ಬಡಿದುಕೊಂಡೆ.

"ಚಾಲೂ ಅದಾವಲ್ಲರೀ! ಹಸರು ಲೈಟ್ ಮಿನಗಾಕತ್ಯಾವ," ಎಂದರು ಅಧ್ಯಕ್ಷರು. "ಬಂದ ಮಂದಿ ನೋಡಬೇಕು."

ಮರುವಾರ ಮಸ್ಕಿ ಕಚೇರಿಯ ಸದಸ್ಯರ ಖಾತೆಗಳನ್ನು ಯಾರೋ ಅಳಿಸಿಹಾಕಿದರು. ಅಳಿಸಲು ಬಳಸಿದ ಪಾಸ್‌ವರ್ಡ್ ಅಲ್ಲಿಯ ಗುಮಾಸ್ತೆಯದು. ಅವಳನ್ನು ಕೆಲಸದಿಂದ ತೆಗೆಯಲು ಸಭೆ ಸೇರಿತು, ನನ್ನನ್ನೂ ಕರೆಸಿದರು.

"ಮೂರು ಮಷೀನ್ ಕಣ್ಣಾಗ ಎಣ್ಣಿ ಬಿಟ್ಕೊಂಡು ಕುಂತಾವ. ಹೊರಗಿನ ಕಳ್ಳ ಒಬ್ಬನೂ ಕಂಡಿಲ್ಲ," ಎಂದು ಅಧ್ಯಕ್ಷರು ಮೀಸೆ ತಿರುವಿದರು. "ಅಂದಮ್ಯಾಲ ಇದು ಒಳಗಿನ ಕೈ. ಇಕೀದ."

"ಅಲ್ಲಾನ ಆಣಿ, ನಾ ಅಲ್ಲರೀ," ಎಂದಳು ಆಕೆ. "ಮಷೀನ್ ನಮ್ಮಲ್ಲಿ ಇದ್ದಿದ್ರ ಅದ ಹೇಳತಿತ್ತು."

ನನಗೆ ಮೈಯೆಲ್ಲ ಉರಿಯಿತು. ದಡ್ಡತನವನ್ನು ಸಹಿಸಬಹುದು, ಆ ದಡ್ಡತನವನ್ನೇ ಸಾಕ್ಷಿಗೆ ನಿಲ್ಲಿಸುವ ಧಿಮಾಕನ್ನು ಹೇಗೆ ಸಹಿಸುವುದು?

"ಹೌದ್ರೀ, ನೋಡ್ಯಾವ," ಎಂದೆ. "ಈ ಕಪಾಟಿನ್ಯಾಗ ಕುಂತು ಒಂದರ ಮಾರಿ ಒಂದು ನೋಡ್ಯಾವ. ಮಸ್ಕ್ಯಾಗ ಏನಾತು ಅನ್ನೂದು ಅವಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಯಾರೋ ಕಿಸಕ್ಕೆಂದರು. ನಿರ್ದೇಶಕರೆಲ್ಲ ಕಪಾಟಿನ ಕಡೆ ತಿರುಗಿದರು. ಆಕೆಯ ಕೆಲಸ ಉಳಿಯಿತು. ಕಳ್ಳ ಯಾರೆಂದು ಇವತ್ತಿಗೂ ತಿಳಿದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನಮ್ಮವರು ಅದನ್ನೂ ಹಾಕಲಿಲ್ಲ. ಮೊನ್ನೆ ಆ ಗುಮಾಸ್ತೆ ಫೋನ್ ಮಾಡಿದ್ದಳು.

"ಅಣ್ಣಾರ, ನಮ್ಮ ಮಷೀನ್ ಯಾವಾಗ ಕಳಸ್ತಾರ್ರೀ? ದಿನಾ ಕಂಪ್ಯೂಟರ್ ಚಾಲೂ ಮಾಡಿ ಮೊದಲ ಖಾತೆ ಅದಾವೋ ಇಲ್ಲೋ ಅಂತ ಎಣಿಸಿ ನೋಡತೀನಿ."

ಆಗ ನಾನು ಸಿಂಧನೂರಿನ ಕಚೇರಿಯಲ್ಲೇ ಇದ್ದೆ. ಅಧ್ಯಕ್ಷರು ಕಪಾಟಿನ ಮುಂದೆ ನಿಂತು ಊದಿನಕಡ್ಡಿ ಬೆಳಗುತ್ತಿದ್ದರು.